ನದಿ ಎಂಬ ಬೋರ್ಡು

ಸೇತುವೆಯ ಮೇಲೊಂದು ಹಸಿರು ಬೋರ್ಡು:
ರಿಯೀಟೋ ನದಿ.
ಕೆಳಗೆ ಇಣುಕಿದರೆ ಉಸುಕು,
ಉಸುಕಿನಲ್ಲಿ ಮುಗುಚಿದ ತಳ್ಳುಗಾಡಿ,
ನಾಯಿಯನ್ನು ಅಡ್ಡಾಡಿಸುವ ಮುದುಕ.
ಟೂಸಾನಿಗೆ ಬಂದ ಮೊದಲ ವಾರ
ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ:
ಇಲ್ಲದ್ದಕ್ಕೂ ಹೆಸರಿಟ್ಟು
ಅದರ ಮೇಲೆ ಸೇತುವೆ ಕಟ್ಟುವ ಮಂದಿ!

ಬಿಸಿಲು ನನಗೆ ಹೊಸದಲ್ಲ.
ಲಿಂಗಸುಗೂರಿನಲ್ಲಿ ಹುಟ್ಟಿದವಳು,
ಬಂಡೆ ಕಾದ ವಾಸನೆ ಮೂಗಿಗೆ ಗೊತ್ತು.
ಆದರೆ ಶಾಲೆಯ ಪದ್ಯಗಳೆಲ್ಲ
ಹಸಿರು, ಹಸಿರು, ಹಸಿರು ಅಂದವು.
ಜಾಲಿಯ ಅರೆನೆರಳಲ್ಲಿ ಕೂತು
ಬಾಯಿಪಾಠ ಒಪ್ಪಿಸಿದೆವು.
ಚೆಲುವು ಅಂದರೆ ಬೇರೆ ಜಿಲ್ಲೆಯದು
ಅಂತ ಅಂದೇ ಕಲಿತೆ;
ಕಲಿತದ್ದನ್ನೇ ಸೂಟ್‌ಕೇಸಿನಲ್ಲಿ ತಂದೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ರಾತ್ರಿ ಪಾಳಿ.
ಎಷ್ಟೋ ನೂರು ಚಾದರ, ಎಲ್ಲ ಬಿಳಿ, ಎಲ್ಲ ಬಿಸಿ.
ನೆಲಮಾಳಿಗೆಯಿಂದ ಬೆಳಿಗ್ಗೆ ಮೇಲೆ ಬಂದರೆ
ಆಕಾಶವೂ ಅದೇ,
ಯಾರೋ ಈಗಷ್ಟೇ ಇಸ್ತ್ರಿ ಮಾಡಿ ಹಾಸಿದ್ದು.
ಎದುರಿಗೆ ನಿಂತು ಅಂಚು ಹೊಂದಿಸುತ್ತ
ಎರ್ಲಿಂಡಾ ಬುಸ್ತಮಾಂತೆ ಕೇಳಿದಳು:
ಎರಡು ವರ್ಷ ಆಯಿತಲ್ಲ, ಊರು ನೋಡಿದೆಯಾ?
ನೋಡಲಿಕ್ಕೆ ಏನಿದೆ, ಅಂದೆ.
ಅವಳು ಮಾತಾಡಲಿಲ್ಲ.
ದಿಂಬಿನ ಚೀಲ ಕೊಡವಿದಳು,
ಸ್ವಲ್ಪ ಜೋರಾಗಿಯೇ.

ಈ ಊರಿನ ಬೀದಿದೀಪಗಳು ತಲೆ ತಗ್ಗಿಸಿರುತ್ತವೆ.
ಗುಡ್ಡದ ಮೇಲೆ ದೂರದರ್ಶಕ ಇಟ್ಟುಕೊಂಡವರಿಗೆ
ಕತ್ತಲು ಬೇಕಂತೆ; ಊರು ಒಪ್ಪಿದೆ.
ಯಾರೋ ನಕ್ಷತ್ರ ನೋಡಲಿ ಅಂತ
ಲಕ್ಷಾಂತರ ಮಂದಿ ದೀಪ ಸಣ್ಣದು ಮಾಡಿಕೊಂಡು
ಉಂಡು, ಜಗಳಾಡಿ, ಮಲಗುತ್ತಾರೆ.
ನಾನಿದನ್ನು ಚೆಲುವಿನ ಲೆಕ್ಕಕ್ಕೆ ಹಿಡಿದಿರಲಿಲ್ಲ.
ಕರೆಂಟು ಬಿಲ್ಲಿನ ಉಳಿತಾಯ ಅಂದುಕೊಂಡಿದ್ದೆ.

ಜುಲೈ. ಪಾಳಿಯ ನಡುವೆ
ಎರ್ಲಿಂಡಾ ಏಪ್ರನ್ ಬಿಚ್ಚಿದಳು:
ವಾಸನೆ ಬಂತು, ನಡೆ.
ನೆಲಮಾಳಿಗೆಗೆ ಯಾವ ವಾಸನೆ ಬರುತ್ತದೆ
ಅಂತ ನಾನು ಕೇಳುವ ಮೊದಲೇ ಅವಳ ಹಳೇ ಟ್ರಕ್ಕು
ಗುರುಗುಟ್ಟುತ್ತಿತ್ತು.
ದಾರಿಬದಿ ನಿಲ್ಲಿಸಿ, ದಿನಾ ಕಂಡರೂ ಕಾಣದ
ಎಣ್ಣೆಮುಖದ ಒಂದು ಪೊದೆಯಿಂದ
ಕಡ್ಡಿ ಮುರಿದು ಕೈಯಲ್ಲಿಟ್ಟಳು. ಊದು.
ಊದಿದೆ.
ನನ್ನ ಬಾಯಿಯ ಹಬೆಗೇ ಆ ಎಲೆ
ಮಳೆಯ ವಾಸನೆ ಬಿಟ್ಟಿತು.

ಸೇತುವೆಯ ಮೇಲೆ ಆಗಲೇ ಮಂದಿ.
ಪೈಜಾಮದ ಮಕ್ಕಳು ಹೆಗಲ ಮೇಲೆ,
ಅರ್ಧ ತಿಂದ ಪಿಜ್ಜಾ ಹಿಡಿದವನೊಬ್ಬ,
ದಂಡ ಹಾಕಲು ಮರೆತ ಪೊಲೀಸಮ್ಮ.
ನಮ್ಮ ಮೇಲೆ ಒಂದು ಹನಿಯಿಲ್ಲ;
ಮಳೆ ಬಿದ್ದದ್ದು ಎಲ್ಲೋ ಬೆಟ್ಟದಲ್ಲಿ.
ಮೊದಲು ಬಂದದ್ದು ಸದ್ದು,
ಅಂಗಳದಲ್ಲಿ ತರಗೆಲೆ ಗುಡಿಸಿದ ಹಾಗೆ.
ಆಮೇಲೆ ಗೇಣೆತ್ತರದ ನೊರೆಯ ನಾಲಿಗೆ,
ಕೊಳಕು, ಕಂದು,
ಕಡ್ಡಿಕಸ, ಒಂದು ಪ್ಲಾಸ್ಟಿಕ್ ಕುರ್ಚಿ ತಳ್ಳಿಕೊಂಡು
ಬಹುಕಾಲದ ನಂತರ ಮನೆಗೆ ಬಂದವರು
ಕತ್ತಲಲ್ಲಿ ಸ್ವಿಚ್ಚು ತಡಕುವ ಹಾಗೆ
ಆ ದಡ ಮುಟ್ಟಿ, ಈ ದಡ ಮುಟ್ಟಿ...
ಹಿಂದೆಯೇ ಇಡೀ ನದಿ.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಬಂತು, ಅಂತ ಒಂದು ಮಗು ಹೇಳಿತು,
ಯಾವ ಭಾಷೆಯಲ್ಲೋ.

ಮರಳು ಅಂದರೆ ಉಸುಕು.
ಮರಳು ಅಂದರೆ ತಿರುಗಿ ಬಾ.
ಇಷ್ಟು ವರ್ಷ ಎರಡನ್ನೂ ಆಡಿದ್ದೆ,
ಒಂದಕ್ಕೊಂದರ ಪರಿಚಯ ಮಾಡಿಸಿರಲಿಲ್ಲ.
ರಕಾರಕ್ಕೊಂದು ಕೊಂಬು ಕೊಟ್ಟರೆ ಮರುಳು.
ಅದೂ ಆಗಲಿ ಅಂತ
ಕಂಬಿಗೆ ಆತು ನಿಂತೆ.

ಒಂದು ಗಂಟೆಯ ಸಂಬಳ ಕಡಿದರು.
ಬೆಳಿಗ್ಗೆ ಬಸ್ಸಿನಿಂದ ನೋಡಿದರೆ
ನದಿ ಇಂಗಿ ಹೋಗಿತ್ತು,
ಯಾರೋ ಮಲಗೆದ್ದ ಚಾದರದ ಹಾಗೆ
ಸುಕ್ಕುಸುಕ್ಕು ಉಸುಕು.
ನಡುವೆ ಆ ಪ್ಲಾಸ್ಟಿಕ್ ಕುರ್ಚಿ.
ಮುದುಕ ಅದನ್ನು ನೆಟ್ಟಗೆ ನಿಲ್ಲಿಸಿ, ಒರೆಸಿ, ಕೂತಿದ್ದ.
ನಾಯಿ ಮಾತ್ರ ಒಂದೇ ಸಮ ಅಗೆಯುತ್ತಿತ್ತು,
ಎಲ್ಲಿಗೆ ಹೋಗಿದೆ ಅಂತ
ತನಗೊಬ್ಬನಿಗೇ ಗೊತ್ತಿದ್ದ ಹಾಗೆ.